ಬಾಲದಲ್ಲಿ ಕೊಂಬೆ ಹಿಡಿಯುವ ಹಾವುರಾಣಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಹಾವುರಾಣಿಯ ಮೇಲೇ ಇವೆ. ಕಾರಣ ಮೊಬೈಲಿನಲ್ಲಿ ಓಡಾಡುತ್ತಿರುವ ಒಂದು ವಿಡಿಯೊ. ಬೂದಿ ಮಿಶ್ರಿತ ಹಸಿರು ಬಣ್ಣದ, ಮೊಳಕ್ಕಿಂತ ಉದ್ದದ ಪ್ರಾಣಿಯೊಂದು ಬಾಲವನ್ನು ಕೊಂಬೆಗೆ ಸುತ್ತಿ, ಕೆಳಗೆ ಜೋತುಬಿದ್ದು, ನಿಧಾನಕ್ಕೆ ಎಲೆ ಮೇಯುತ್ತದೆ. ಹಿಂದೆ ಒಂದು ಹಿಂದಿ ಹಾಡು. ನನಗೂ ಅದನ್ನು ಕಂಡಕಂಡವರೆಲ್ಲ ಕಳಿಸಿದ್ದಾರೆ. ಹಾಗಾಗಿ ಹಲ್ಲಿಯ ಶಕುನ, ಬಾವಲಿಯ ಕಾಟದ ಪ್ರಶ್ನೆಗಳು ಮುಂದಿನ ಸಂಚಿಕೆಗೆ. ಅವಸರದವರು ಬೈಯಬೇಡಿ.

ಅಕ್ಕಾರೆ, ನನ್ನ ಮಗ ಬಿಸಿಎ ಎರಡನೇ ವರ್ಷ ಓದುತ್ತಾನೆ. ಮಂಗನ ಬಾಲದ ಹಾವುರಾಣಿ ಅಂತ ಒಂದು ಪ್ರಾಣಿ ತರಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ. ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಮಾರುತ್ತಾರಂತೆ. ಹಳೇ ಸ್ಕೂಟರ್ ಬರುವಷ್ಟು ದುಡ್ಡು ಹೇಳಿದ್ದಾರೆ. ಬರೀ ಸೊಪ್ಪು ತಿನ್ನುತ್ತದೆ, ಮೊಲ ಸಾಕಿದಂಗೆ ಅಮ್ಮ, ಕೇಸು ಗೀಸು ಏನೂ ಆಗಲ್ಲ ಅನ್ನುತ್ತಾನೆ. ಮನೆಯಲ್ಲಿ ವಯಸ್ಸಾದ ಮಾವನವರಿದ್ದಾರೆ. ಅದಕ್ಕೆ ವಿಷ ಇದೆಯಾ? ಇವನಿಗೆ ಏನು ಹೇಳಲಿ?
(ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ)

ತಂಗೀ, ಮೊದಲು ವಿಷದ ಮಾತು ಮುಗಿಸಿಬಿಡೋಣ. ವಿಷ ಇಲ್ಲ. ಆದರೆ ಕಚ್ಚುತ್ತದೆ. ದಪ್ಪ ಎಲೆ ಕತ್ತರಿಸುವ ದವಡೆ ಅದರದು, ಬೆರಳು ಸಿಕ್ಕರೆ ರಕ್ತ ಬಂದೇ ಬರುತ್ತದೆ. ಉಗುರೂ ಚೂಪು, ಮರ ಹತ್ತುವ ಪ್ರಾಣಿ ಅಲ್ವಾ. ನಿಮ್ಮ ಮಾವನವರಿಗೆ ಆಗುವ ತೊಂದರೆ ಅಷ್ಟೇ. ಆ ಪ್ರಾಣಿಗೆ ನಿಮ್ಮ ಮನೆಯಿಂದ ಆಗುವ ತೊಂದರೆ ಜಾಸ್ತಿ, ಅದನ್ನೇ ಹೇಳಬೇಕಾಗಿದೆ.

ಅದರ ಊರು ಸಾಲೊಮನ್ ದ್ವೀಪಗಳು. ಆಸ್ಟ್ರೇಲಿಯಾದ ಈಶಾನ್ಯಕ್ಕೆ, ಪೆಸಿಫಿಕ್ ಸಾಗರದಲ್ಲಿವೆ. ಪಕ್ಕದ ಬೂಗನ್‌ವಿಲ್, ಬೂಕಾ ದ್ವೀಪಗಳಲ್ಲೂ ಇದೆ. ಆ ಎರಡೂ ದ್ವೀಪಗಳು ಸರ್ಕಾರದ ಲೆಕ್ಕದಲ್ಲಿ ಪಾಪುವಾ ನ್ಯೂಗಿನಿಗೆ ಸೇರಿವೆ. ಇಷ್ಟು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಈ ಪ್ರಾಣಿ ಇಲ್ಲ. ಎರಡನೇ ಮಹಾಯುದ್ಧದ ಪಾಠ ಓದಿದವರಿಗೆ ಗ್ವಾಡಲ್‌ಕೆನಾಲ್ ಅನ್ನೋ ಹೆಸರು ನೆನಪಿರಬಹುದು. 1942ರಲ್ಲಿ ಅಮೆರಿಕ, ಜಪಾನ್ ಸೈನಿಕರು ಬಡಿದಾಡಿಕೊಂಡ ದ್ವೀಪ. ಅಲ್ಲಿನ ಮರಗಳ ಮೇಲೂ ಇದು ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾನ್ ಎಡ್ವರ್ಡ್ ಗ್ರೇ 1855ರಲ್ಲಿ ಇದಕ್ಕೆ ಕೊರೂಸಿಯಾ ಝೀಬ್ರಾಟಾ ಎಂದು ಹೆಸರಿಟ್ಟರು. ಈಗ ಬದುಕಿರುವ ಹಾವುರಾಣಿಗಳಲ್ಲೆಲ್ಲ ಇದೇ ದೊಡ್ಡದು. ಮೂತಿಯಿಂದ ಬಾಲದ ತುದಿಗೆ 70-80 ಸೆಂಟಿಮೀಟರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ.

ಹಗಲೆಲ್ಲ ಮರದ ಪೊಟರೆಯಲ್ಲೋ, ಎತ್ತರದ ಕೊಂಬೆಗಳ ಎಲೆಗಳ ಮರೆಯಲ್ಲೋ ಮಲಗಿರುತ್ತದೆ. ಸಂಜೆ ಕತ್ತಲಾದ ಮೇಲೆ ಅದರ ದಿನ ಶುರು. ಬೇರೆ ಮರವನ್ನು ತಬ್ಬಿ ಬೆಳೆಯುವ ದೊಡ್ಡ ಆಲದ ಜಾತಿಯ ಮರಗಳು ಅದಕ್ಕೆ ಬಹಳ ಇಷ್ಟ, ಅವುಗಳಲ್ಲಿ ಪೊಟರೆ ಜಾಸ್ತಿ. ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಹೋಗುವಾಗ ಹಿಂದೆ ಬಾಲ ಗಟ್ಟಿಯಾಗಿ ಸುತ್ತಿಕೊಂಡಿರುತ್ತದೆ. ಮುಂದಿನ ಕಾಲು ಹೊಸ ಕೊಂಬೆ ಹಿಡಿದು, ಭಾರ ತಾಳುತ್ತೆ ಅಂತ ಖಾತ್ರಿ ಆದ ಮೇಲೆಯೇ ಬಾಲ ಬಿಡುವುದು.

ಸೊಪ್ಪು ತಿನ್ನುತ್ತದೆ ಅನ್ನೋದು ಖರೆ. ಹಾವುರಾಣಿಗಳಲ್ಲಿ ಬಹುಪಾಲು ಹುಳಹುಪ್ಪಟೆ ತಿನ್ನುವವು. ಇದು ಮಾತ್ರ ಎಲೆ, ಹೂವು, ಹಣ್ಣಿನ ಮೇಲೆ ಬದುಕುತ್ತದೆ. ನಿಮ್ಮ ಜಗುಲಿಯಲ್ಲಿ ಬಾಟಲಿಯೊಳಗೆ ಮನಿ ಪ್ಲಾಂಟ್ ಇದೆಯಲ್ಲ, ಅದರ ಹತ್ತಿರದ ಬಳ್ಳಿಯೊಂದು ಆ ದ್ವೀಪಗಳಲ್ಲಿ ಮರಕ್ಕೆ ಹಬ್ಬುತ್ತದೆ. ಅದರ ಎಲೆ ಇದಕ್ಕೆ ಬಲು ಪ್ರೀತಿ. ಆ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಕೆಸುವಿನ ಎಲೆಯಲ್ಲಿ ಇರುವಂಥವೇ. ಅಳೂವಡಿಗೆ ಹುಣಸೆಹುಳಿ ಯಾಕೆ ಹಾಕುತ್ತೀರಿ? ಗಂಟಲು ಕೆರೆಯಬಾರದು ಅಂತ. ಈ ಪ್ರಾಣಿ ಹುಳಿಯೂ ಇಲ್ಲದೆ, ಬೇಯಿಸದೆ, ಹಸಿಯಾಗಿ ಜಗಿದು ನುಂಗುತ್ತದೆ, ಏನೂ ಆಗುವುದಿಲ್ಲ.

ಎಲೆ ಜೀರ್ಣ ಮಾಡೋದು ಸುಲಭದ ಕೆಲಸ ಅಲ್ಲ. ಅದಕ್ಕೆ ಹೊಟ್ಟೆಯಲ್ಲಿ ಸರಿಯಾದ ಸೂಕ್ಷ್ಮಜೀವಿಗಳು ಬೇಕು. ಮರಿ ಹುಟ್ಟುವಾಗ ಅವು ಇರುವುದಿಲ್ಲ. ಮರಿ ಏನು ಮಾಡುತ್ತದೆ ಗೊತ್ತಾ? ದೊಡ್ಡವುಗಳ ಹಿಕ್ಕೆ ತಿನ್ನುತ್ತದೆ. ಮೂಗು ಮುರಿಯಬೇಡಿ, ಆ ಸೂಕ್ಷ್ಮಜೀವಿಗಳು ಮರಿಯ ಹೊಟ್ಟೆ ಸೇರುವ ದಾರಿ ಅದೇ. ಹಾಗಾಗಿ ಮರಿ ದೊಡ್ಡವುಗಳ ಜೊತೆಗೇ ಬೆಳೆಯಬೇಕು. ಬೆಳೆಯುತ್ತದೆ ಕೂಡ. ಇವು ಒಂದು ಮರದಲ್ಲಿ ಸಣ್ಣ ಗುಂಪು ಕಟ್ಟಿಕೊಂಡು ಇರುತ್ತವೆ. ಹಲ್ಲಿ, ಓತಿಕ್ಯಾತಗಳ ಕುಲದಲ್ಲಿ ಸಂಸಾರ ಮಾಡುವವು ಕಡಿಮೆ. ಮೊಟ್ಟೆ ಇಟ್ಟು ಹೋದರೆ ಮತ್ತೆ ತಿರುಗಿ ನೋಡದವೇ ಜಾಸ್ತಿ. ಇದು ಮೊಟ್ಟೆಯನ್ನೇ ಇಡುವುದಿಲ್ಲ. ಆರರಿಂದ ಎಂಟು ತಿಂಗಳು ಹೊಟ್ಟೆಯಲ್ಲಿ ಹೊತ್ತು ಮರಿ ಹಾಕುತ್ತದೆ. ಒಳಗೆ ಮಾಸಿನ ಮೂಲಕವೇ ಮರಿಗೆ ಪೋಷಣೆ. ಸಾಮಾನ್ಯವಾಗಿ ಒಂದೇ ಮರಿ, ಅವಳಿ ಅಪರೂಪ. ಆ ಒಂದು ಮರಿಯೇ ಹುಟ್ಟುವಾಗ ತಾಯಿಯ ಉದ್ದದ ಮೂರನೇ ಒಂದು ಭಾಗ ಇರುತ್ತದೆ. ಹೆತ್ತವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಮರಿ ತಿಂಗಳುಗಟ್ಟಲೆ ಗುಂಪಿನಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಹೊರಗಿನದು ಯಾವುದಾದರೂ ಹತ್ತಿರ ಬಂದರೆ ತಾಯಿ ಮೈಮೇಲೆ ಬೀಳುತ್ತಾಳೆ.

ಮೊಲ ಸಾಕಿದಂಗೆ ಅನ್ನೋ ನಿಮ್ಮ ಮಗನ ಮಾತು ಮುರಿದುಬೀಳುವುದು ಇಲ್ಲೇ. ಮೊಲ ಒಂದೊಂದು ಸೂಲಿಗೂ ಆರೆಂಟು ಮರಿ ಹಾಕುತ್ತದೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ತಯಾರು. ಇದು ಒಂದು ಮರಿಗೆ ಹೆಚ್ಚುಕಡಿಮೆ ಇಡೀ ವರ್ಷ ಕೊಡುತ್ತದೆ. ಕಾಡಿನಿಂದ ಹತ್ತು ಹಿಡಿದರೆ ಆ ಹತ್ತರ ಜಾಗ ತುಂಬಲು ಎಷ್ಟು ವರ್ಷ ಬೇಕು, ಲೆಕ್ಕ ಹಾಕಲು ಹೇಳಿ, ಬಿಸಿಎ ಓದುತ್ತಿದ್ದಾನಲ್ಲ. ಆ ದ್ವೀಪಗಳಿಂದ ಅಮೆರಿಕ, ಯುರೋಪಿನ ಸಾಕುಪ್ರಾಣಿ ಅಂಗಡಿಗಳಿಗೆ ಇವುಗಳನ್ನು ರಾಶಿ ರಾಶಿ ಸಾಗಿಸಿದ್ದಾರೆ. ಅಲ್ಲಿನ ಕಾಡುಗಳನ್ನು ದಿಮ್ಮಿಗಾಗಿ ಕಡಿಯುವುದೂ ಜೋರು. ಮರ ಹೋದರೆ ಪೊಟರೆ ಹೋಯಿತು, ಪೊಟರೆ ಹೋದರೆ ಸಂಸಾರ ಹೋಯಿತು. ಊರವರು ಮಾಂಸಕ್ಕೂ ಹಿಡಿಯುತ್ತಾರೆ, ಅದು ಹಿಂದಿನಿಂದ ಬಂದದ್ದು. ಅವರನ್ನು ದೂರುವ ಮನಸ್ಸು ನನಗಿಲ್ಲ. ನನಗೆ ಸಿಟ್ಟಿರುವುದು ಸಾವಿರಾರು ಮೈಲಿ ದೂರ ಕೂತು ರೀಲ್ಸ್ ಮಾಡುವುದಕ್ಕೆ ಪ್ರಾಣಿ ಕೊಳ್ಳುವವರ ಮೇಲೆ.

ಈಗ ಕೇಸಿನ ಮಾತು. ವನ್ಯಜೀವಿಗಳ ವ್ಯಾಪಾರಕ್ಕೆ ಸೈಟಿಸ್ ಅಂತ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ. 1992ರಿಂದ ಈ ಹಾವುರಾಣಿ ಅದರ ಎರಡನೇ ಅನುಬಂಧದಲ್ಲಿದೆ. ಅಂದರೆ ಪತ್ರ ಇಲ್ಲದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸುವಂತಿಲ್ಲ. ನಮ್ಮ ದೇಶದಲ್ಲೂ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳೂ ಅದರ ವ್ಯಾಪ್ತಿಗೆ ಬಂದವು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. 2024ರಲ್ಲಿ ನೋಂದಣಿಯ ನಿಯಮಗಳೂ ಬಂದವು. ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದು ಮರಿ ಹಾಕಿದರೂ, ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಕೇಸು ಗೀಸು ಆಗಲ್ಲ ಅಂತ ಮಾರುವವನು ಹೇಳುತ್ತಾನೆ, ಆಗುವ ಹೊತ್ತಿಗೆ ಪ್ರಾಣಿ ನಿಮ್ಮ ಮನೆಯಲ್ಲಿರುತ್ತದೆ, ಅವನ ಮನೆಯಲ್ಲಲ್ಲ. ನಿಮ್ಮ ಮಗ ಆ ಮಾರುವವನನ್ನು ಆಮದು ಪರವಾನಗಿ, ಸೈಟಿಸ್ ಪತ್ರ, ನೋಂದಣಿಯ ಕಾಗದ ತೋರಿಸು ಅಂತ ಕೇಳಲಿ. ಕೇಳಿದ ಮೇಲೆ ಆತ ಫೋನ್ ಎತ್ತುತ್ತಾನಾ ನೋಡಿ.

ಹವೆಯ ಮಾತೂ ಇದೆ. ಸಾಲೊಮನ್‌ನಲ್ಲಿ ವರ್ಷವಿಡೀ 23ರಿಂದ 31 ಡಿಗ್ರಿ ಆಸುಪಾಸು, ಗಾಳಿಯಲ್ಲಿ ಸದಾ ಪಸೆ. ನಮ್ಮ ಬೆಳಗಾವಿಯಲ್ಲಿ ಡಿಸೆಂಬರ್ ರಾತ್ರಿ ಕಂಬಳಿ ಬೇಕು. ಆ ಪ್ರಾಣಿಗೆ ಕಂಬಳಿ ಹೊದಿಸಲು ಬರುವುದಿಲ್ಲ, ಅದರ ಮೈ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಆಳೆತ್ತರದ ಪಂಜರ, ಹಗಲಿರುಳು ಸರಿಯಾದ ಬಿಸಿ, ಅತಿನೇರಳೆ ಬೆಳಕಿನ ದೀಪ, ನೀರು ಸಿಂಪಡಿಸಲು ಒಂದು ಆಳು. ಝೂಗಳಲ್ಲಿ ಇವು ಇಪ್ಪತ್ತು ವರ್ಷ ದಾಟಿ ಬದುಕಿದ್ದುಂಟು. ಮಗ ಕೆಲಸಕ್ಕೆ ಅಂತ ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಸೊಪ್ಪು ಹೆಚ್ಚುತ್ತಾ ಕೂರುವವರು ಯಾರು ತಂಗೀ? ನೀವೇ ಅಲ್ವಾ?

ಹಟ ಬಿಡದಿದ್ದರೆ ಭಾನುವಾರ ಭೂತರಾಮನಹಟ್ಟಿ ಝೂಗೆ ಕರೆದುಕೊಂಡು ಹೋಗಿ. ಅದಕ್ಕೂ ಸುಲಭದ್ದು, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಹಿತ್ತಲ ಗೋಡೆ ನೋಡಲು ಹೇಳಿ. ಮುಂದಿನ ಕಾಗದವೂ ಅದರದೇ.

ನಮ್ಮದು ಲಿಂಬೆ ತೋಟ. ಗಿಡದ ಬುಡದ ಒಣ ಎಲೆಯಲ್ಲಿ ಹಾವುರಾಣಿ ಬಹಳ. ಲಿಂಬೆ ಆರಿಸಲು ಬರುವ ಹೆಣ್ಣುಮಕ್ಕಳು ಹೆದರಿ ಕೆಲಸ ಬಿಟ್ಟು ಓಡುತ್ತಾರೆ. ಅದು ಕಚ್ಚಿದರೆ ನೀರು ಬೇಡುವಷ್ಟು ಹೊತ್ತೂ ಇರಲ್ಲ ಅಂತಾರೆ. ಔಷಧಿ ಹೊಡೆಯಬೇಕಾ?
(ಒಬ್ಬ ರೈತ, ಇಂಡಿ ತಾಲ್ಲೂಕು, ವಿಜಯಪುರ)

ಔಷಧಿ ಹೊಡೆಯಬೇಡ್ರಿ ಮಾರಾಯ್ರೆ! ನಮ್ಮ ಕಡೆಯ ಯಾವ ಹಾವುರಾಣಿಗೂ ವಿಷ ಇಲ್ಲ. ಕಚ್ಚಲು ಅದಕ್ಕೆ ಹೊತ್ತೂ ಇಲ್ಲ, ನಿಮ್ಮ ಹೆಜ್ಜೆ ಸಪ್ಪಳಕ್ಕೇ ಎಲೆಯೊಳಗೆ ನುಸುಳಿರುತ್ತದೆ. ಮಿಡತೆ, ಗೆದ್ದಲು, ಜೀರುಂಡೆ, ಜೇಡ ಅದರ ಊಟ. ಕೂಲಿ ಕೇಳದ ಆಳು.

ನಾನು ವಿಜಯಪುರದಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ಮಕ್ಕಳು ಇದೇ ಹೆದರಿಕೆ ಹೊತ್ತು ಬರುತ್ತಿದ್ದರು. ನಾನು ಒಂದೇ ಮಾತು ಹೇಳುತ್ತಿದ್ದೆ: ಮುಖ ನೋಡಿ. ಹಾವಿಗೆ ರೆಪ್ಪೆ ಇಲ್ಲ, ಕಿವಿಯ ತೂತು ಇಲ್ಲ. ಹಾವುರಾಣಿಗೆ ಎರಡೂ ಇವೆ. ಈಗ ಬೆಳಗಾವಿಯ ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಇದೆ. ಬಿಸಿಲು ಏರಿದಾಗ ಹೊರಗೆ ಬಂದು, ನಾಲ್ಕೂ ಕಾಲು ಸಡಿಲ ಬಿಟ್ಟು, ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಮಲಗುತ್ತದೆ. ಕಂಚು ಬಣ್ಣದ ಬೆನ್ನು. ಹತ್ತಿರ ಹೋದರೆ ಒಂದೊಂದು ಹುರುಪೆಯ ಮೇಲೂ ಸಣ್ಣ ಏಣುಗಳು ಕಾಣುತ್ತವೆ. ಕುತ್ತಿಗೆ ಅಂತ ಬೇರೆ ಇಲ್ಲ, ತಲೆಯಿಂದ ಮೈಗೆ ಒಂದೇ ದಪ್ಪ. ಕೆಳಗಿನ ರೆಪ್ಪೆ ಮೇಲೆ ಬಂದು ಕಣ್ಣು ಮುಚ್ಚುತ್ತದೆ, ತೆರೆಯುತ್ತದೆ. ಕೂಡುವ ಕಾಲದಲ್ಲಿ ಗಂಡಿನ ಪಕ್ಕೆ ಕುಂಕುಮ ಬಳಿದಂತೆ ಕೆಂಪಾಗುತ್ತದೆ. ಆ ಕೆಂಪು ನೋಡಿಯೇ ಜನ ವಿಷ ಅಂದುಕೊಂಡಿರಬೇಕು. ನಮ್ಮ ಅತ್ತೆ ಮಾತ್ರ ಇದನ್ನು ಕಂಡರೆ ಕೈ ಮುಗಿಯುತ್ತಿದ್ದರು. ಹೊಡೆಯಲು ಬಿಡುತ್ತಿರಲಿಲ್ಲ.

ಆದರೆ ನಿಮ್ಮ ಹೆಣ್ಣುಮಕ್ಕಳ ಹೆದರಿಕೆ ಪೂರ್ತಿ ಸುಳ್ಳಲ್ಲ. ಅದೇ ಒಣ ಎಲೆಯಲ್ಲಿ ಗರಗಸ ಮಂಡಲವೂ ಇರಬಹುದು, ರಾತ್ರಿಯಾದರೆ ಕಟ್ಟುಹಾವೂ ಬರಬಹುದು. ಅವುಗಳ ವಿಷ ಜೀವ ತೆಗೆಯುತ್ತದೆ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನೋಯುವುದೂ ಇಲ್ಲ. ಹಾಗಾಗಿ ಏನು ಕಚ್ಚಿತು ಅಂತ ಕಾಣದಿದ್ದರೆ ಹಾವುರಾಣಿ ಇರಬೇಕು ಅಂತ ಸುಮ್ನೆ ಕೂರಬೇಡಿ. ನಾಟಿ ಔಷಧಿ, ಮಂತ್ರ ಅಂತ ಹೊತ್ತು ಕಳೆಯಬೇಡಿ. ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ನೆಟ್ಟಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕೆಲಸದವರಿಗೆ ಒಂದೊಂದು ಜೊತೆ ಗಮ್‌ಬೂಟ್, ಎಲೆ ಸರಿಸಲು ಒಂದು ಉದ್ದ ಕೋಲು ಕೊಡಿ. ಔಷಧಿಯ ದುಡ್ಡಿನಲ್ಲೇ ಬರುತ್ತದೆ.

ಕಡುಹಸಿರು ಬಣ್ಣದ ಮರದ ಹಾವುರಾಣಿಯ ಚಿತ್ರ ನೋಡಿದೆ. ಅದೂ ದ್ವೀಪದ್ದೇ ಅಂತೆ. ಎರಡೂ ಒಂದೇನಾ? ನಮ್ಮ ದೇಶದಲ್ಲಿ ಮರದ ಮೇಲೆ ಇರುವ ಹಾವುರಾಣಿ ಇಲ್ಲವಾ? ಖಾನಾಪುರದ ಕಾಡಿಗೆ ಹೋದರೆ ಸಿಗುತ್ತದಾ?
(ಡಿಪ್ಲೊಮಾ ವಿದ್ಯಾರ್ಥಿ, ಜಮಖಂಡಿ)

ಎರಡೂ ಬೇರೆ ಬೇರೆ ತಮ್ಮಾ. ನೀನು ನೋಡಿದ್ದು ಪಚ್ಚೆ ಹಾವುರಾಣಿ ಇರಬೇಕು, ಲ್ಯಾಂಪ್ರೊಲೆಪಿಸ್ ಸ್ಮರಗ್ಡಿನಾ. ಫಿಲಿಪ್ಪೀನ್ಸ್, ಇಂಡೊನೇಷ್ಯಾ, ನ್ಯೂಗಿನಿ, ಸಾಲೊಮನ್, ಅಲ್ಲಿಂದ ಪೆಸಿಫಿಕ್‌ನ ಸಣ್ಣ ದ್ವೀಪಗಳವರೆಗೂ ಇದೆ. ತೆಳ್ಳಗೆ, ಚುರುಕು. ಹಗಲು ಹೊತ್ತು ಕಾಂಡದ ಮೇಲೆ ತಲೆ ಕೆಳಗೆ ಮಾಡಿ ಅಂಟಿಕೊಂಡಿರುತ್ತದೆ. ಇರುವೆ, ಹುಳ ಬಂದರೆ ಹಿಡಿಯುತ್ತದೆ, ಹಣ್ಣನ್ನೂ ತಿನ್ನುವುದುಂಟು. ಇದು ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಎರಡು. ಬಾಲ ಉದ್ದ ಇದ್ದರೂ ಕೊಂಬೆ ಹಿಡಿಯಲು ಬರುವುದಿಲ್ಲ. ಎಲ್ಲ ಕಡೆ ಹಸಿರೂ ಅಲ್ಲ, ಕೆಲವು ಕಡೆ ಕಂದು ಬಣ್ಣದವೂ ಇವೆ.

ನಮ್ಮಲ್ಲಿ ಡೇಸಿಯಾ ಅನ್ನೋ ಕುಲ ಇದೆ, ಎಲ್ಲ ಮರವಾಸಿಗಳೇ. ನಿಕೋಬಾರ್ ದ್ವೀಪದ್ದೊಂದನ್ನು 1977ರಲ್ಲಿ ಬಿಸ್ವಾಸ್ ಮತ್ತು ಸನ್ಯಾಲ್ ಅನ್ನೋ ಭಾರತೀಯ ವಿಜ್ಞಾನಿಗಳು ಮೊದಲು ವಿವರಿಸಿದರು. ಪಶ್ಚಿಮ ಘಟ್ಟದ ದಕ್ಷಿಣದ ಕಾಡುಗಳಲ್ಲಿ ಇನ್ನೊಂದಿದೆ, ಅದಕ್ಕೆ 1891ರಲ್ಲಿ ಹೆಸರಿಟ್ಟವರು ಬೂಲೆಂಜರ್ ಅನ್ನೋ ಪ್ರಾಣಿವಿಜ್ಞಾನಿ. ಎತ್ತರದ ಮರಗಳ ತುದಿಯಲ್ಲಿ ಇರುವುದರಿಂದ ಕಣ್ಣಿಗೆ ಬೀಳುವುದೇ ಅಪರೂಪ. ಖಾನಾಪುರ, ಜಾಂಬೋಟಿ ಕಡೆ ಹೋದರೆ ಅದನ್ನು ಹುಡುಕಿ ಕುತ್ತಿಗೆ ನೋಯಿಸಿಕೊಳ್ಳಬೇಡ. ಅಲ್ಲಿ ಹಾರುವ ಓತಿ ನೋಡು. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಅಡಿಕೆ ಮರದ ಕಾಂಡದ ಮೇಲೆ ತೊಗಟೆಯ ಬಣ್ಣದ್ದೇ ಒಂದು ತುಂಡು ಮಿಸುಕಿದಂತೆ ಆಗುತ್ತದೆ. ಗಂಡಾಗಿದ್ದರೆ ಗಂಟಲ ಕೆಳಗಿನ ಹಳದಿ ಚೀಲವನ್ನು ಪಟ್ ಅಂತ ಬಿಚ್ಚಿ ಮುಚ್ಚುತ್ತದೆ. ಆಮೇಲೆ ಪಕ್ಕೆಲುಬು ಅಗಲಿಸಿ ತೇಲಿಕೊಂಡು ಮುಂದಿನ ಮರಕ್ಕೆ ಹೋಗುತ್ತದೆ. ಅದು ಹಾವುರಾಣಿ ಅಲ್ಲ, ನಮ್ಮ ಬೇಲಿಯ ಓತಿಕ್ಯಾತನ ನೆಂಟ.

ಶಾಲೆಯಲ್ಲಿ ಮಕ್ಕಳು ಕೇಳಿದರು: ಹಾವುರಾಣಿಯ ಬಾಲ ತುಂಡಾದ ಮೇಲೂ ಯಾಕೆ ಒದ್ದಾಡುತ್ತದೆ? ಆ ದೊಡ್ಡ ಹಾವುರಾಣಿಯೂ ಬಾಲ ಬಿಡುತ್ತದಾ?
(ಪ್ರಾಥಮಿಕ ಶಾಲಾ ಶಿಕ್ಷಕಿ, ನವನಗರ, ಬಾಗಲಕೋಟೆ)

ಬಾಲದ ಎಲುಬುಗಳಲ್ಲಿ ಮೊದಲೇ ಮುರಿಯುವ ಗೆರೆಗಳಿರುತ್ತವೆ ಟೀಚರ್. ಶತ್ರು ಹಿಡಿದಾಗ ಸ್ನಾಯು ಬಿಗಿದು ಅಲ್ಲಿಗೇ ಸರಿಯಾಗಿ ಕತ್ತರಿಸಿಕೊಳ್ಳುತ್ತದೆ. ತುಂಡಿನಲ್ಲಿರುವ ನರಗಳು ಸ್ವಲ್ಪ ಹೊತ್ತು ತಾವೇ ಕೆಲಸ ಮಾಡುತ್ತಿರುತ್ತವೆ, ಅದಕ್ಕೇ ಒದ್ದಾಟ. ಬೆಕ್ಕು ಆ ಬಾಲದ ಜೊತೆ ಆಟ ಆಡುವಷ್ಟರಲ್ಲಿ ಮಾಲೀಕರು ಬಿಲ ಸೇರಿರುತ್ತಾರೆ. ಹೊಸ ಬಾಲ ಬರುತ್ತದೆ, ಆದರೆ ಒಳಗೆ ಎಲುಬಿನ ಬದಲು ಮೃದ್ವಸ್ಥಿಯ ಕಡ್ಡಿ. ಬಣ್ಣವೂ ಹಳೆಯದಕ್ಕೆ ಹೊಂದುವುದಿಲ್ಲ.

ಸಾಲೊಮನ್‌ನದ್ದು ಹಾಗೆ ಸುಲಭಕ್ಕೆ ಬಾಲ ಬಿಟ್ಟುಕೊಡುವುದಿಲ್ಲ. ಮರದ ತುದಿಯಲ್ಲಿ ಅದಕ್ಕೆ ಬಾಲವೇ ಐದನೇ ಕೈ. ಮಕ್ಕಳಿಗೆ ಹೇಳುವಾಗ ಒಂದು ಮಾತು ಸೇರಿಸಿ: ಬಾಲ ತುಂಡಾಗುತ್ತದಾ ನೋಡೋಣ ಅಂತ ಕೋಲು ಹಿಡಿಯಬಾರದು. ಬಾಲದಲ್ಲಿ ಅದು ಕೊಬ್ಬು ಕೂಡಿಟ್ಟಿರುತ್ತದೆ. ಬಾಲ ಹೋದರೆ ಅದೂ ಹೋಯಿತು.

ಎಲ್ಲಿಯ ಸಾಲೊಮನ್, ಎಲ್ಲಿಯ ಗೋಕಾಕ! ಅಲ್ಲಿಯ ಹಲ್ಲಿ ಸತ್ತರೆ ನಮಗೇನು ಅಂತ ಬರೆಯುತ್ತೀರಿ? ಇಲ್ಲಿ ನಲ್ಲಿಗೆ ನೀರು ಬರಲ್ಲ, ಅದನ್ನು ಬರೆಯಿರಿ.
(ಒಬ್ಬ ಓದುಗ, ಗೋಕಾಕ)

ನಲ್ಲಿಯ ಅಂಕಣ ಬೇರೆಯವರದು ಸರ್, ನಿಮ್ಮ ಕಾಗದ ಅವರಿಗೂ ದಾಟಿಸಿದ್ದೇನೆ.

ದ್ವೀಪದ ಮಾತು ಯಾಕೆ ಅಂದರೆ, ಅಲ್ಲಿ ಒಂದು ತಪ್ಪಿಗೆ ಎರಡನೇ ಅವಕಾಶ ಇಲ್ಲ. ಹಿಂದೂ ಮಹಾಸಾಗರದಲ್ಲಿ ಕ್ರಿಸ್‌ಮಸ್ ದ್ವೀಪ ಅಂತ ಇದೆ, ಆಸ್ಟ್ರೇಲಿಯಾದ್ದು. ಅಲ್ಲಿಗೆ ಮಾತ್ರ ಸೇರಿದ ಒಂದು ಕಾಡು ಹಾವುರಾಣಿ ಇತ್ತು. 1980ರ ದಶಕದಲ್ಲಿ ಹಡಗಿನ ಸರಕಿನ ಜೊತೆ ಏಷ್ಯಾದ ತೋಳಹಾವು ಅಲ್ಲಿಗೆ ಬಂತು. ನಮ್ಮ ಮನೆಗಳಲ್ಲಿ ಹಲ್ಲಿ ಹಿಡಿಯಲು ಬರುವ ತೋಳಹಾವಿನ ದಾಯಾದಿ ಅದು, ವಿಷ ಇಲ್ಲದ್ದು. ಇಲ್ಲಿಯ ಹಲ್ಲಿಗೆ ಅದರ ಪರಿಚಯ ಇದೆ, ಓಡುತ್ತದೆ. ಅಲ್ಲಿಯ ಹಾವುರಾಣಿ ಅಂಥ ಹಾವನ್ನೇ ಕಂಡಿರಲಿಲ್ಲ. ಹಾವಿನ ಜೊತೆ ಬೇರೆ ಕಾರಣಗಳೂ ಸೇರಿರಬಹುದು, ಆದರೆ ವಿಜ್ಞಾನಿಗಳ ಮೊದಲ ಅನುಮಾನ ಅದರ ಮೇಲೆಯೇ. ಕೊನೆಗೆ ಉಳಿದ ಒಂದು ಹೆಣ್ಣಿಗೆ ಗಂಪ್ ಅಂತ ಹೆಸರಿಟ್ಟು ಸಾಕಿದ್ದರು. ಜೊತೆಗೆ ಗಂಡು ಸಿಗಲೇ ಇಲ್ಲ. 2014ರ ಮೇ 31ಕ್ಕೆ ಅದು ಸತ್ತಿತು. 2017ರಲ್ಲಿ ಆ ಜಾತಿ ಅಳಿದಿದೆ ಅಂತ ಬರೆದು ಮುಗಿಸಿದರು.

ಉಲ್ಟಾ ಆಗುವುದೂ ಉಂಟು. ಅಂಗಡಿಯಿಂದ ತಂದ ಕೆಂಪು ಕಿವಿಯ ಆಮೆ ದೊಡ್ಡದಾಯಿತು ಅಂತ ಜನ ಕೆರೆಗೆ ಬಿಡುತ್ತಾರೆ. ಅದು ಅಮೆರಿಕದ ಪ್ರಾಣಿ. ದೇಶದ ಹಲವು ಊರುಗಳ ಕೆರೆಗಳಲ್ಲಿ ಈಗ ನಮ್ಮ ಆಮೆಗಳ ಊಟಕ್ಕೆ, ಬಿಸಿಲಿಗೆ ಕೂರುವ ಜಾಗಕ್ಕೆ ಪೈಪೋಟಿ ಕೊಡುತ್ತಿದೆ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ಘಟಪ್ರಭೆಗೆ ಬಿಡಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿ.

ಉಳಿದವರಿಗೆ ಚುಟುಕಾಗಿ. ಮುಧೋಳದ ಓದುಗರೆ, ಹಾವುರಾಣಿ ಹಾವಿನ ಹೆಂಡತಿಯೂ ಅಲ್ಲ, ರಾಣಿಯೂ ಅಲ್ಲ. ಅದರಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಸಿಂದಗಿಯವರೆ, ಹಾಲಿಗೆ ಬಿದ್ದರೆ ಹಾಲು ಚೆಲ್ಲಿ. ಕೊಳೆ ಸೇರಿತು ಅಂತ, ವಿಷ ಅಂತಲ್ಲ. ಅಥಣಿಯವರು ಕಳಿಸಿದ ಫೋಟೊದಲ್ಲಿರುವ ಕೆಂಪು ಬಾಲದ ಕಡ್ಡಿಯಂಥ ಪ್ರಾಣಿಯೂ ಹಾವುರಾಣಿಯೇ, ಸಣ್ಣ ಕಾಲಿನ ಚುಕ್ಕಿ ಜಾತಿಯ ಮರಿ ಇದ್ದಂತಿದೆ. ದೊಡ್ಡದಾದ ಮೇಲೆ ಬಾಲದ ಕೆಂಪು ಮಾಸುತ್ತದೆ. ಇನ್ನು ಮೇಲೆ ಫೋಟೊ ಕಳಿಸುವವರು ಪ್ರಾಣಿ ಇದ್ದ ಜಾಗದಲ್ಲಿ, ಅದು ಹೋದ ಮೇಲೆ, ಒಂದು ರೂಪಾಯಿ ನಾಣ್ಯ ಇಟ್ಟು ಇನ್ನೊಂದು ಫೋಟೊ ತೆಗೆಯಿರಿ. ಅಳತೆ ಗೊತ್ತಾದರೆ ಗುರುತು ಹಿಡಿಯಲು ನನಗೆ ಸುಲಭ.